ಕಾಡಿನ ಹಕ್ಕಿ ಫೋನಿನಂತೆ ಕೂಗಿದ್ದು

2004ರ ಜೂನ್ 6, ಭಾನುವಾರ, ಬೆಳಿಗ್ಗೆ 10.20. ಗುಂಡ್ಲುಪೇಟೆಯ ನಮ್ಮ ಮನೆಯ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ ತುಂಬ ಹಳೆಯ ಆಟವೊಂದನ್ನು ಶುರು ಮಾಡಿದೆ. ನಾಯಕ ಕಾಡಿಗೆ ಕಾಲಿಟ್ಟ ಕೂಡಲೇ ಟೆಲಿಫೋನ್ ರಿಂಗಾಯಿತು.

ಅಪ್ಪ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್. ವಾರಕ್ಕೊಂದೇ ರಜೆ. ಆ ದಿನ ಫೋನ್ ಬಂತೆಂದರೆ ರಜೆ ಮುಗಿಯಿತೆಂದೇ ಅರ್ಥ. ಅಪ್ಪ ಲುಂಗಿ ಬಿಚ್ಚಿ, ಖಾಕಿ ಪ್ಯಾಂಟ್ ಏರಿಸಿಕೊಂಡು ಬಂದು ರಿಸೀವರ್ ಎತ್ತಿದ. ಅತ್ತ ಯಾರೂ ಇಲ್ಲ. ಮಧ್ಯಾಹ್ನದೊಳಗೆ ನಾಲ್ಕು ಸಲ ಪ್ಯಾಂಟ್ ಹಾಕಿದ, ನಾಲ್ಕು ಸಲ ಬಿಚ್ಚಿದ. ರಿಂಗಾಗುತ್ತಿದ್ದದ್ದು ಫೋನಲ್ಲ, ಕಂಪ್ಯೂಟರಿನ ಆಟ ಎಂದು ಆಗ ಗೊತ್ತಾಯಿತು.

ಸಂಜೆ ಆಟದ ರಾಜ ಸತ್ತ. ಮೆಲ್ಲಗೆ ಕೊಳಲು ಕೇಳಬೇಕಿದ್ದ ಕಡೆ ಭರ್ಜರಿ ವಾಲಗ.

"ಯಾರ್ ಮದ್ವೆ ಕಣಮ್ಮಿ?" ಎಂದಳು ಅಜ್ಜಿ.

"ಮದ್ವೆ ಅಲ್ಲ, ರಾಜ ಸತ್ತೋದ."

"ಸತ್ರೆ ವಾಲಗ ಊದುಸ್ತರಾ? ಏನ್ ಪಾಪ ಮಾಡಿದ್ನೋ!"

ಅಪ್ಪ ಮಾತ್ರ ನಗಲಿಲ್ಲ. "ಇನ್ನೈದು ವಾರ ನೋಡ್ತೀನಿ. ಆಮ್ಯಾಕೂ ಈ ಕಂಪ್ಯೂಟ್ರು ಹಿಂಗೇ ಕೂಗುದ್ರೆ ಹಂಗಳದ ನಿಮ್ ಮಾವನ ಮನೆಗೆ ಸಾಗಾಕ್ಬುಡ್ತೀನಿ."

ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆ. ರಿಪೇರಿ ಅಂಗಡಿಯ ಅಣ್ಣ ಸ್ವಿಚ್ ಹಾಕುವ ಮೊದಲೇ ಕಾಯಿಲೆ ಹೇಳಿದ: "ವೈರಸ್ ಕಣಮ್ಮಿ. ಫಾರ್ಮ್ಯಾಟ್ ಮಾಡ್ಬುಡನ." ಒಟ್ಟು ಮೂರು ಸಲ ಹೋದೆ. ಫಾರ್ಮ್ಯಾಟ್ ಮೂರು, ಸರಿಯಾದದ್ದು ಸೊನ್ನೆ. ಮೂರನೆಯ ಸಲ ಅವನು, ನಮ್ಮ ಫೋನಿಗೂ ವೈರಸ್ ಹತ್ತಿರಬಹುದು ಎಂದ.

ನಿಜ ಗೊತ್ತಾದದ್ದು ಗುಂಡ್ಲುಪೇಟೆಯ ನೆಟ್ ಸೆಂಟರಿನಲ್ಲಿ. ಇಂಥ ಆಟಗಳಲ್ಲಿ ಶಬ್ದವಿರುವುದಿಲ್ಲ, ಸ್ವರಗಳೂ ವಾದ್ಯಗಳ ನಂಬರೂ ಮಾತ್ರ ಇರುತ್ತವೆ; ನಂಬರ್ ನೋಡಿ ಶಬ್ದ ಹೊರಡಿಸುವುದು ಯಂತ್ರ. ನನ್ನ ಆಟ ಬರೆದವರ ಹಳೆಯ ಸಂಗೀತ ಯಂತ್ರದಲ್ಲಿ 125 ಎಂದರೆ ಹಕ್ಕಿ. ಆಮೇಲೆ ಬಂದ, ಈಗ ಎಲ್ಲರೂ ಒಪ್ಪಿದ ಪಟ್ಟಿಯಲ್ಲಿ 125 ಎಂದರೆ ಟೆಲಿಫೋನ್, ಹಕ್ಕಿ 124. ನಂಬರ್ ಬದಲಿಸಿಕೊಡುವ ಸಣ್ಣ ಪ್ರೋಗ್ರಾಮ್ ಕೂಡ ಸಿಕ್ಕಿತು. 128 ಸಾಲುಗಳ ಪಟ್ಟಿಯನ್ನು ನಾಲ್ಕು ಸಂಜೆ ಕೂತು ತುಂಬಿಸಿ, ಹಕ್ಕಿಯ ಸಾಲಿನಲ್ಲಿ 124 ಬರೆದೆ. ಕಾಡಿಗೆ ಕಾಲಿಟ್ಟೆ. ಟೆಲಿಫೋನ್!

ಜುಲೈ 10, ಶನಿವಾರ. ಗಡುವಿಗೆ ಒಂದೇ ದಿನ. ಅಜ್ಜಿ ಪಡಸಾಲೆಯಲ್ಲಿ ರಾಗಿ ಅಳೆಯುತ್ತಿದ್ದಳು: "ಲಾಭ, ಎರಡು, ಮೂರು..."

"ಒಂದು ಅಂತ ಯಾಕನ್ನಲ್ಲ ಅಜ್ಜಿ?"

"ಮೊದಲ್ನೇದ್ಕೆ ಒಂದು ಅನ್ಬಾರ್ದು ಕಣಮ್ಮಿ. ಅಷ್ಟೂ ಗೊತ್ತಿಲ್ವಾ?"

ಮೊದಲನೆಯದಕ್ಕೆ ಒಂದು ಎನ್ನದವರು ಬೇರೆಯವರೂ ಇರಬಹುದಲ್ಲ ಎನ್ನಿಸಿತು. ನೋಡಿದರೆ ಪ್ರೋಗ್ರಾಮ್ ಸೊನ್ನೆಯಿಂದ ಎಣಿಸುತ್ತಿತ್ತು. ಅದರ ಲೆಕ್ಕದ 124 ನನ್ನ ಲೆಕ್ಕದ 125. ಎಲ್ಲ ಸಾಲುಗಳಲ್ಲೂ ಒಂದೊಂದು ಕಳೆದೆ.

ಮರುದಿನ ಅಪ್ಪನನ್ನು ಕೂರಿಸಿ ಆಟ ಹಾಕಿದೆ. ಹಕ್ಕಿ ಚಿಲಿಪಿಲಿ ಎಂದಿತು. ಅಪ್ಪ ತಲೆ ವಾರೆ ಮಾಡಿ ಕೇಳಿಸಿಕೊಂಡ. "ಇಂತಾ ಹಕ್ಕಿ ನಮ್ ಕಾಡಲ್ಲಿಲ್ಲ" ಎಂದರೂ ಲುಂಗಿಯಲ್ಲೇ ಕೂತಿದ್ದ. ಕಂಪ್ಯೂಟರ್ ಉಳಿಯಿತು ಅಂದುಕೊಂಡೆ.

ಅಷ್ಟರಲ್ಲಿ ಕಾಡಿನ ಒಳಭಾಗ ಬಂತು. ಢಂ! ಢಂ!

"ಯಾರ್ಲಾ ಅದು ಗುಂಡೊಡ್ದೋನು!" ಅಪ್ಪ ಪ್ಯಾಂಟ್ ಹುಡುಕುತ್ತಿದ್ದ.

ಅದು ಕೊನೆಯ ಸಾಲು. ಹಳೆಯ ಯಂತ್ರದಲ್ಲಿ 128 ಎಂದರೆ ಕಾಡಿನ ರಾಗ, ಹೊಸ ಪಟ್ಟಿಯಲ್ಲಿ ಬಂದೂಕು. ಕಾಡಿನ ರಾಗಕ್ಕೆ ಹೊಸದರಲ್ಲಿ ಜೋಡಿಯೇ ಇಲ್ಲವೆಂದು ಅದರ ನಂಬರನ್ನು ಹಾಗೇ ಬಿಟ್ಟಿದ್ದೆ. ಕೊನೆಗೆ ಒಪ್ಪಂದವಾಯಿತು: ಕಂಪ್ಯೂಟರ್ ಇರಲಿ, ಆದರೆ ಒಳಗಿನ ಕಾಡಿಗೆ ಅಪ್ಪ ಡ್ಯೂಟಿಗೆ ಹೋದಾಗ ಮಾತ್ರ ಪ್ರವೇಶ. ಪಟ್ಟಿಯನ್ನು ಬರೆದಿಟ್ಟುಕೊಂಡ ನನ್ನ ದಿನಚರಿಯಲ್ಲಿ ಆ ಸಾಲಿನ ಮುಂದೆ ಇಂದಿಗೂ ಏನೂ ಬರೆದಿಲ್ಲ. 128ಕ್ಕೆ ಯಾವ ವಾದ್ಯ ಒಗ್ಗುತ್ತದೆಂದು ತಿಳಿದವರು ದಯವಿಟ್ಟು ಬರೆದು ತಿಳಿಸಿ. ಸೊನ್ನೆಯಿಂದ ಎಣಿಸಿದ್ದೀರೋ ಒಂದರಿಂದಲೋ, ಅದನ್ನೂ ಬರೆಯಿರಿ.