ಪತ್ತನಾಜೆಗೆ ಮೊದಲೇ ತೆಗೆದ ಹಲಗೆ

ಸಿದ್ಧಕಟ್ಟೆಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮ ತೋಡಿಗೆ, ಅಂದರೆ ಹಳ್ಳಕ್ಕೆ, ಕಿಂಡಿ ಅಣೆಕಟ್ಟು ಕಟ್ಟಿ ಮೂವತ್ತು ವರ್ಷವಾಯಿತು. ಅದರ ಹಲಗೆ ಇಳಿಸುವವರೂ ತೆಗೆಯುವವರೂ ಅಂದಿನಿಂದ ಡೊಂಬಯ್ಯಣ್ಣನೇ. ದೀಪಾವಳಿ ಕಳೆದು ನೀರಿನ ಸೆಳೆತ ಇಳಿದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಾರೆ. ಹಾಗೆ ನಿಂತ ನೀರು ಸುತ್ತಲಿನ ಇಪ್ಪತ್ತೆರಡು ಮನೆಗಳ ಬಾವಿಯನ್ನು ಮಳೆಗಾಲದವರೆಗೆ ಕಾಯುತ್ತದೆ. ಅವರಿಗೀಗ ಅರವತ್ತೇಳು. ಮಾತು ಕಡಿಮೆ, ಹಟ ಜಾಸ್ತಿ. ತಾಲೂಕಿನ ಎಂಜಿನಿಯರಿಗೂ ಹೆದರದ ಮನುಷ್ಯ, ಹೆಂಡತಿ ದಮಯಂತಿ ಒಮ್ಮೆ ಕೆಮ್ಮಿದರೆ ಬೀಡಿ ಆರಿಸುತ್ತಾರೆ.

ಹಲಗೆ ತೆಗೆಯಲು ಅವರಿಗಿದ್ದ ಗಡು ಪತ್ತನಾಜೆ. ಮೇ ಕೊನೆಗೆ ಬರುವ, ತುಳುವರ ಬೇಶ ತಿಂಗಳ ಹತ್ತನೇ ದಿನ. ಅಂದಿಗೆ ದೈವಗಳ ಕೋಲ ನೇಮಗಳು ಮುಗಿಯುತ್ತವೆ, ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂಬುದು ನಮ್ಮ ಕಡೆಯ ಮಾತು. ಆ ಹನಿ ಬಿದ್ದ ಮೇಲೆಯೇ ಅವರು ಹಲಗೆಗೆ ಕೈ ಹಾಕುತ್ತಿದ್ದರು.

ಕಳೆದ ವರ್ಷ ಮಳೆ ಪತ್ತನಾಜೆಯನ್ನು ಕಾಯಲಿಲ್ಲ. ಒಂದು ವಾರ ಮೊದಲೇ ಗುಡ್ಡದ ಕೆಂಪು ನೀರು ನುಗ್ಗಿ ಅರ್ಧ ಹಲಗೆ ಕೊಚ್ಚಿಕೊಂಡು ಹೋಯಿತು. ದಂಡೆ ಕೊರೆದು ಅಬ್ದುಲ್ ರವೂಫರ ಪಂಪ್ ಶೆಡ್ಡನ್ನೂ ಎಳೆಯಿತು. ಫರಂಗಿಪೇಟೆಯಲ್ಲಿ ಅಂಗಡಿ ಇಟ್ಟಿರುವ ರವೂಫ್ ಒಳ್ಳೆಯವರೇ. ಆ ದಿನ ಮಾತ್ರ ತಡೆಯಲಾಗಲಿಲ್ಲ.

"ಫೋನಲ್ಲಿ ಮೂರು ದಿನದಿಂದ ಅಲರ್ಟ್ ಇತ್ತು ಮಾರಾಯ್ರೆ. ನೀವು ಪಂಚಾಂಗ ಹಿಡಿದು ಕೂತಿದ್ರಿ!" ಎಂದರು, ಎಲ್ಲರೆದುರು.

ಡೊಂಬಯ್ಯಣ್ಣ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಈ ವರ್ಷ ಮಾರ್ಚಿನಲ್ಲೇ ಮುನ್ಸೂಚನೆ ಬಂತು. ಕರಾವಳಿಯಲ್ಲಿ ವಾಡಿಕೆಗಿಂತ ಹೆಚ್ಚು ಸೆಕೆ, ಬಿಸಿಗಾಳಿ. ಅದನ್ನು ತಿಳಿಯಲು ಮುನ್ಸೂಚನೆ ಬೇಕಿರಲಿಲ್ಲ, ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಆದರೂ ಕಿಂಡಿ ಕಟ್ಟದಲ್ಲಿ ಎದೆಮಟ್ಟ ನೀರಿತ್ತು, ಬಾವಿಗಳು ಹೇಗೋ ತಡೆದುಕೊಂಡಿದ್ದವು. ಮೇ ಎಂಟಕ್ಕೆ ಆರೆಂಜ್ ಅಲರ್ಟ್: ಎರಡು ದಿನ ಗುಡುಗು ಸಹಿತ ಭಾರೀ ಮಳೆ. ಊರಿನ ಗ್ರೂಪಿನಲ್ಲಿ ಇಪ್ಪತ್ತು ಜನ ಅದನ್ನೇ ಹಾಕಿದರು. ಕಟ್ಟದ ಸಮಿತಿಯ ನಾವು ನಾಲ್ಕು ಜನ ತೋಡಿನ ಬದಿಯಲ್ಲಿ ಸೇರಿದೆವು.

"ಪತ್ತನಾಜೆಗೆ ಇನ್ನೂ ಹದಿನಾರು ದಿನ ಉಂಟು. ಈ ಮೋಡ ನೋಡಿದರೆ ನನಗೆ ನಂಬಿಕೆ ಬರುವುದಿಲ್ಲ," ಎಂದರು ಡೊಂಬಯ್ಯಣ್ಣ.

"ಕಳೆದ ಸಲವೂ ಹೀಗೇ ಹೇಳಿದ್ರಿ," ಎಂದೆ ನಾನು. ಹೌದು, ನಾನೇ. "ಈ ಸಲವೂ ಕೊಚ್ಚಿಹೋದರೆ ಯಾರು ಜವಾಬ್ದಾರಿ? ತೆಗೆಯುವ."

ಅತ್ತ ದರಿ, ಇತ್ತ ಪುಲಿ. ಡೊಂಬಯ್ಯಣ್ಣ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಕತ್ತಲಾಗುವಷ್ಟರಲ್ಲಿ ಆರು ತಿಂಗಳಿಂದ ಕಾದಿಟ್ಟ ನೀರು ಹರಿದುಹೋಗಿತ್ತು.

ಅಲರ್ಟ್ ಸುಳ್ಳಾಗಲಿಲ್ಲ. ಮರುದಿನ ಘಟ್ಟದ ಬುಡದ ಕಕ್ಕಿಂಜೆಯಲ್ಲಿ ಧೋ ಎಂದು ಸುರಿಯಿತು, ವಿಡಿಯೋ ಬಂತು. ಆ ನೀರು ನಮ್ಮ ತೋಡಿಗೆ ಬರುವಂಥದ್ದಲ್ಲ. ನಮ್ಮಲ್ಲಿ ಗುಡುಗಿತು, ಕರೆಂಟ್ ಹೋಯಿತು, ಅಷ್ಟೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಲಗೆಗಳನ್ನು ಮತ್ತೆ ಇಳಿಸಿದೆವು. ತಡೆಯಲು ಉಳಿದದ್ದು ಮರಳಿನ ನಡುವೆ ಬೆರಳಗಲದ ಒಸರು.

ಪತ್ತನಾಜೆ ಬರುವಷ್ಟರಲ್ಲಿ ಹದಿನಾಲ್ಕು ಬಾವಿ ಬತ್ತಿದವು. ಅಂದು ಹತ್ತು ಹನಿ ಹೋಗಲಿ, ಒಂದೂ ಬೀಳಲಿಲ್ಲ. ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ರವೂಫರ ಹೆಂಡತಿ ಮಾಜಿದಾ ಇಳಿಸಿದ ಕೊಡ ಬಾವಿಯ ತಳದ ಕಲ್ಲಿಗೆ ತಾಗುವ ಸದ್ದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಜನ ಡೊಂಬಯ್ಯಣ್ಣನನ್ನು ಬಾಯಿಗೆ ಬಂದಂತೆ ಬೈದರು. ನಾನು ಬೈಯಲಿಲ್ಲ. ತೆಗೆಯಿರಿ ಎಂದವನು ನಾನೆಂದು ಬಾಯಿಯೂ ಬಿಡಲಿಲ್ಲ. ಆ ನಾಚಿಕೆ ಈಗಲೂ ಇದೆ.

ಜೂನ್ ಐದಕ್ಕೆ ಸಮಿತಿ ಸೇರಿತು. ಆಗಲೂ ಮಳೆಯಿಲ್ಲ. ಡೊಂಬಯ್ಯಣ್ಣ ಹಲಗೆ ಇಡುವ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

"ಮೊದಲು ಆಕಾಶ ನೋಡಿದರೆ ಒಂದು ಅಂದಾಜು ಸಿಗ್ತಿತ್ತು. ಈಗ ಸಿಗುವುದಿಲ್ಲ. ಫೋನು ನೋಡಿ ಹೇಳುವುದೂ ನನಗೆ ಗೊತ್ತಿಲ್ಲ. ತಿಳಿದವರು ಯಾರಾದರೂ ತಗೊಳ್ಳಿ," ಎಂದರು.

ರವೂಫ್ ತಲೆಯೆತ್ತಿ ತಿರುಗುವ ಫ್ಯಾನ್ ನೋಡಿದರು. ಅಧ್ಯಕ್ಷ ಧನರಾಜ್ ಸಭೆಯ ಪುಸ್ತಕ ಮುಚ್ಚಿದರು. ನಾನು ಮೇಜಿನಡಿ ಚಪ್ಪಲಿ ಹುಡುಕಿದೆ. ಯಾರ ಕೈಯೂ ಮುಂದೆ ಬರಲಿಲ್ಲ.

"ನಿಮ್ಮಲ್ಲೇ ಇರಲಿ ಅಣ್ಣ, ಮುಂದಿನ ವರ್ಷ ನೋಡುವ," ಎಂದರು ಧನರಾಜ್.

ಡೊಂಬಯ್ಯಣ್ಣ ಬೀಗದ ಕೈಯನ್ನು ತಾವೇ ಎತ್ತಿಕೊಂಡು ಬಿಸಿಲಿಗಿಳಿದರು. ಮುಂದಿನ ವರ್ಷ ಹಲಗೆ ಯಾವಾಗ ತೆಗೆಯಬೇಕೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ತಪ್ಪಿದರೆ ಬೈಯಲು ಮಾತ್ರ ನಮಗೊಬ್ಬರು ಇದ್ದಾರೆ.