ಮೊಗ್ರಾಲ್ ಕಡವಿನ ಕುಂಞನ ಬೆನ್ನು

ಕಳೆದ ಮಂಗಳವಾರ ಮೊಗ್ರಾಲ್ ಹೊಳೆಯಲ್ಲಿ ದೋಣಿ ದಾಟುವ ಕಡವಿನಲ್ಲಿ, ತನ್ನನ್ನು ಬೆನ್ನ ಮೇಲೆ ಹೊತ್ತು ಕೆಸರು ದಾಟಿಸುತ್ತಿದ್ದ ಅಂಬಿಗ ಕುಂಞನ ತಲೆಗೆ ದೊಡ್ಡಮನೆಯ ಮೇನೇಜರು ಮಹಾಬಲರು ಕೊಡೆಯ ಹಿಡಿಯಿಂದ ಹೊಡೆದರು. ಅವರ ಪಂಚೆಯ ಅಂಚಿಗೆ ಕೆಸರು ತಾಗಿತ್ತು.

ಇಂದು ಬೆಳಕು ಹರಿಯುವ ಮೊದಲೇ ಕುಂಞ ದೋಣಿಯ ನೀರು ಮೊಗೆಯುತ್ತಿದ್ದಾನೆ. ಮುಂಡಾಸಿನ ಕೆಳಗೆ ಗಾಯ ಇನ್ನೂ ಒಣಗಿಲ್ಲ.

"ಸಿಟ್ಟು ಬರಲಿಲ್ವಾ?" ಎಂದು ದೋಣಿಗೆ ಕಾದು ನಿಂತ ನಾನು ಕೇಳುತ್ತೇನೆ.

"ಬರದೆ ಎಂತ? ನಾನೆಂತ ಕಲ್ಲಾ?" ಬಿದಿರಿನ ಗಳವನ್ನು ನೀರಿಗಿಳಿಸುತ್ತಾನೆ. "ಸಿಟ್ಟಲ್ಲಿ ಊರಿದರೆ ಗಳ ಕೆಸರಲ್ಲಿ ಕಚ್ಚಿಕೊಳ್ತದೆ. ದೋಣಿ ಮುಂದೆ, ಗಳ ಹಿಂದೆ, ನಾನು ಹೊಳೆಯಲ್ಲಿ! ಸಣ್ಣ ಪ್ರಾಯದಲ್ಲಿ ಒಮ್ಮೆ ಹಾಗೇ ಬಿದ್ದೆ. ದೋಣಿಯಲ್ಲಿ ಮಕ್ಕಳಿದ್ದರು. ಅವತ್ತಿನಿಂದ ಸಿಟ್ಟು ಬಂದರೆ ಗಳ ಮೆಲ್ಲ ಊರುದು."

ಊರಿಗೆ ಇದು ಬಹಳ ಮೆಚ್ಚುಗೆ. "ಕುಂಞ ಸಾಧು, ಸಹನೆ ಅಂದರೆ ಅವನದ್ದು" ಎಂದು ಶಾಲೆಯ ಪುರುಷೋತ್ತಮ ಮಾಸ್ಟ್ರು ಮಕ್ಕಳಿಗೆ ಹೇಳುತ್ತಾರಂತೆ. ಹೇಳಲಿ. ಆದರೆ ಸಿಟ್ಟು ನುಂಗುವ ಪಾಠ ಪೆಟ್ಟು ತಿಂದವನಿಗೇ ಏಕೆ ಮಾಸ್ಟ್ರೇ? ಒಂದು ಚಿಟಿಕೆ ಕೆಸರಿಗೆ ಕೊಡೆ ಎತ್ತಿದವರನ್ನು ಯಾವ ಬೆಂಚಿನಲ್ಲಿ ಕೂರಿಸುತ್ತೀರಿ? ಸ್ವರಾಜ್ಯ ಬಂದು ಐದು ವರ್ಷವಾಯಿತು. ಇಳಿತದಲ್ಲಿ ನೀರು ತಗ್ಗಿ ದೋಣಿ ದಡ ಮುಟ್ಟದಿದ್ದರೆ ನಾವೆಲ್ಲ ಉಟ್ಟದ್ದನ್ನು ಎತ್ತಿಕಟ್ಟಿ ನಡೆಯುತ್ತೇವೆ. ದೊಡ್ಡಮನೆಯವರ ಕಾಲಿಗೆ ಮಾತ್ರ ಇಂದಿಗೂ ಅಂಬಿಗನ ಬೆನ್ನೇ ಬೇಕು. ಕಡವಿನಲ್ಲಿ ದೋಣಿ ಬಿಡುವ ಹಕ್ಕು ಅವರ ಕೈಯಲ್ಲಿದೆ. ಹೊರುವುದಿಲ್ಲವೆಂದರೆ ಕುಂಞನ ಒಲೆ ಆರುತ್ತದೆ.

ನುಂಗಿದ ಸಿಟ್ಟು ಎಲ್ಲಿ ಹೋಗುತ್ತದೆಂಬುದು ಹೆಂಡತಿ ಅಮ್ಮುವಿಗೆ ಗೊತ್ತು. "ಮಂಗಳವಾರದಿಂದ ಮನೆಯಲ್ಲಿ ಮಾತಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿತಾರೆ. ಸಾಧುವಂತೆ! ಹೇಳುವವರು ಬಂದು ಕೇಳಲಿ."

ಬಿಸಿಲು ಏರುವ ಹೊತ್ತಿಗೆ ಹೊಳೆ ಇಳಿದಿದೆ. ಆಚೆ ದಡದಿಂದ ಮಹಾಬಲರು ದೋಣಿ ಹತ್ತುತ್ತಾರೆ, ಅದೇ ಕೊಡೆ ಹಿಡಿದು. ಮೀನಿನ ಬುಟ್ಟಿಯೊಂದಿಗೆ ಪರಮೇಶ್ವರಿ ಕುಳಿತಿದ್ದಾಳೆ, ನಾನಿದ್ದೇನೆ. ಗಳ ಮೆಲ್ಲನೆ ಊರುತ್ತದೆ, ಮೆಲ್ಲನೆ ಏಳುತ್ತದೆ. ದಡ ಇನ್ನೂ ದೂರವಿರುವಾಗಲೇ ದೋಣಿಯ ತಳ ಕೆಸರಿಗೆ ತಾಗುತ್ತದೆ.

"ಬಾಗು. ಇವತ್ತು ಸರಿ ನೋಡಿ ನಡಿ" ಎನ್ನುತ್ತಾರೆ ಮಹಾಬಲರು.

ಕುಂಞ ಗಳ ಹಿಡಿದು ನಿಂತೇ ಇದ್ದಾನೆ. "ನೀರು ಮೊಣಕಾಲಿಗೆ ಉಂಟು, ಧಣಿ. ಇಳೀರಿ."

"ಎಂತ ಹೇಳಿದೆ?"

"ಇಳೀಲಿಕ್ಕೆ ಹೇಳಿದ್ದು ಮಾರಾಯ್ರೆ," ಎನ್ನುತ್ತಾಳೆ ಪರಮೇಶ್ವರಿ. "ಬೇಕಾದ್ರೆ ನನ್ನ ಬುಟ್ಟಿಯಲ್ಲಿ ಕೂತ್ಕೊಳ್ಳಿ, ಬಂಗುಡೆ ಒಟ್ಟಿಗೆ."

ಮಹಾಬಲರ ಮುಖ ಕೆಂಪೇರುತ್ತದೆ. ಕೊಡೆ ಮೇಲೇಳುತ್ತದೆ, ದೋಣಿ ಓಲಾಡುತ್ತದೆ. ಕುಂಞ ಗಳ ಊರಿ ಅದನ್ನು ನಿಲ್ಲಿಸುತ್ತಾನೆ.

"ನಾಳೆಯಿಂದ ಈ ಕಡವಲ್ಲಿ ನಿನ್ನ ದೋಣಿ ಇಲ್ಲ, ತಿಳ್ಕೊ! ಬಾಗು!"

"ಕಡವು ಯಾರಿಗೆ ಬೇಕಾದ್ರೂ ಕೊಡಿ, ಧಣಿ," ಎನ್ನುತ್ತಾನೆ ಕುಂಞ, ದಿನವೂ 'ಜಾಗ್ರತೆ, ಮೆಲ್ಲ ಇಳೀರಿ' ಎನ್ನುವ ಅದೇ ಸ್ವರದಲ್ಲಿ. "ನಾನು ಬಾಗುದಿಲ್ಲ."