ರಸ್ತೆ ಬದಿಯಲ್ಲಿ ಮಾಯವಾಗುತ್ತಿದ್ದ ಗಿಡಗಳು

ಅಪ್ಪನ ಕಣ್ಣಿನ ಸಂಗತಿ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮೂವತ್ತಾರು ದಾಟಿದ ನಾನು ಒಂದು ಕಾರಿನ ಆಟಕ್ಕೆ ಅಷ್ಟೊಂದು ಹೆದರಿದ್ದು ಹುಚ್ಚಿನಂತೆ ಕಂಡೀತು.

ಕೊಟ್ಟೂರಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮೊದಲು ಅಪ್ಪ ನಡೆಸುತ್ತಿದ್ದ, ಈಗ ನನ್ನ ಗಂಡ ನಡೆಸುತ್ತಾರೆ. ಆರು ವರ್ಷದ ಹಿಂದೆ ಅಪ್ಪ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದ. ಪಕ್ಕದಲ್ಲೇ ಇಟ್ಟ ಚಹಾದ ಲೋಟ ಕೈತಾಗಿ ಉರುಳುತ್ತಿತ್ತು. ನಾನು ರೇಗುತ್ತಿದ್ದೆ. "ಕಣ್ಣು ನೆತ್ತಿ ಮ್ಯಾಲ ಅದಾವೇನು?" ಎಂದದ್ದೂ ಉಂಟು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ದಾವಣಗೆರೆಯ ಕಣ್ಣಾಸ್ಪತ್ರೆಯಲ್ಲಿ ಗ್ಲಕೋಮಾ ಅಂದರು. ಕಣ್ಣೊಳಗಿನ ಒತ್ತಡ ಹೆಚ್ಚಿ, ನೋವೂ ಇಲ್ಲದೆ ಸದ್ದೂ ಇಲ್ಲದೆ, ಅಕ್ಕಪಕ್ಕದ ನೋಟ ಹೋಗಿಬಿಟ್ಟಿತ್ತು. ಅಪ್ಪನಿಗೆ ಉಳಿದದ್ದು ಎದುರಿನದಷ್ಟೇ. "ಇದು ವಂಶದಲ್ಲಿ ಬರಬಹುದು, ಮಗಳೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು" ಎಂದರು ಡಾಕ್ಟರು. ಹೂಂ ಅಂದೆ. ಒಂದು ವರ್ಷವೂ ಹೋಗಲಿಲ್ಲ.

ನಾನು ಹೋಗದಿದ್ದರೇನು, ಅಪ್ಪ ಮನೆಯಲ್ಲೇ ಆಸ್ಪತ್ರೆ ತೆರೆದ. ಅಮಾವಾಸ್ಯೆಗೆ ನಮ್ಮ ಗಿರಣಿ ಬಂದ್. ಯಂತ್ರ ಒರೆಸಿ, ಪೂಜೆ ಮಾಡಿ, ಕಾಯಿ ಒಡೆದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಾನೆ. ನಾನು ಅವನ ಮೂಗನ್ನೇ ನೋಡಬೇಕು. ಅವನು ನನ್ನ ಕಿವಿಯ ಹತ್ತಿರ ಕೈ ಎತ್ತಿ ಬೆರಳು ತೋರಿಸುತ್ತಾನೆ, ಎಷ್ಟು ಅಂತ ಹೇಳಬೇಕು. ತನಗೆ ಡಾಕ್ಟರು ಮಾಡಿದ್ದನ್ನು ನೋಡಿ ಕಲಿತ ವಿದ್ಯೆ. ಎಡಕ್ಕೆ ಎರಡು, ಬಲಕ್ಕೆ ಮೂರು. ಎಷ್ಟು ಅಮಾವಾಸ್ಯೆ ಬಂದು ಹೋದರೂ ಅದೇ ಎರಡು, ಅದೇ ಮೂರು. ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿ ಎದ್ದುಬಿಡುತ್ತಿದ್ದೆ.

ಇನ್ನು ಆಟಕ್ಕೆ ಬರುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಸೋದರಮಾವ ಹೊಸಪೇಟೆಯಿಂದ ಟಿವಿಗೆ ಹಚ್ಚಿ ಆಡುವ ಗೇಮ್ ಡಬ್ಬಿಯೊಂದನ್ನು ತಂದುಕೊಟ್ಟಿದ್ದ. ಅದರಲ್ಲಿದ್ದ ಕಾರು ಓಟದ ಆಟದಲ್ಲಿ ನನ್ನನ್ನು ಓಣಿಯ ಗಂಡುಹುಡುಗರು ಯಾರೂ ಸೋಲಿಸಲಿಲ್ಲ. ಇದನ್ನು ಇವತ್ತಿಗೂ ಜಂಬದಿಂದಲೇ ಹೇಳುತ್ತೇನೆ. ಡಬ್ಬಿ ಕೆಟ್ಟು ಅಟ್ಟ ಸೇರಿತು. ಈ ಸಲದ ಬೇಸಿಗೆ ರಜೆಯಲ್ಲಿ ಎಮ್ಯುಲೇಟರ್ ಅನ್ನುವುದೊಂದು ಸಿಕ್ಕಿತು. ಹಳೇ ಡಬ್ಬಿ ಮಾಡುತ್ತಿದ್ದ ಕೆಲಸವನ್ನೆಲ್ಲ ಲ್ಯಾಪ್‌ಟಾಪಿನಿಂದ ಮಾಡಿಸುವ ಸಾಫ್ಟ್‌ವೇರು. ಆ ಕಾರಿನ ಆಟದ ನನ್ನ ಹಳೇ ಡಿಸ್ಕನ್ನೇ ಹಾಕಿ, ವೈರು ಎಳೆದು ದೊಡ್ಡ ಟಿವಿಗೆ ಹಚ್ಚಿದೆ.

ಹಳೇ ಟಿವಿ ಚೌಕ, ಈಗಿನದು ಅಗಲ. ಬರೀ ಎಳೆದು ಅಗಲ ಮಾಡಿದರೆ ಕಾರುಗಳೆಲ್ಲ ತಟ್ಟಿದ ರೊಟ್ಟಿಯಾಗುತ್ತವೆ. ನನಗೆ ಅದು ಸೇರಲಿಲ್ಲ. ಹುಡುಕಾಡಿದಾಗ ವೈಡ್‌ಸ್ಕ್ರೀನ್ ಅನ್ನುವ ಇನ್ನೊಂದು ಸೆಟ್ಟಿಂಗ್ ಸಿಕ್ಕಿತು. ಅದು ಚಿತ್ರವನ್ನು ಎಳೆಯುವುದಿಲ್ಲ, ಎಡಬಲಕ್ಕೆ ಹೆಚ್ಚು ಜಾಗ ತೆರೆದು ತೋರಿಸುತ್ತದೆ. ನಾನು ಇಪ್ಪತ್ತು ವರ್ಷ ನೋಡದೇ ಇದ್ದ ರಸ್ತೆಯ ಬದಿಗಳು! ಕುಣಿಯುವುದೊಂದು ಬಾಕಿ.

ನಾಲ್ಕೈದು ದಿನ ಸುಖವಾಗಿ ಕಾರು ಓಡಿಸಿದೆ. ಗೆಲ್ಲುವ ಭರದಲ್ಲಿ ನಡುರಸ್ತೆಗೇ ನೆಟ್ಟಿದ್ದ ಗಮನ ಒಂದು ಮಧ್ಯಾಹ್ನ ಬದಿಗೆ ಹೋಯಿತು. ನಟ್ಟನಡುವೆ ರಸ್ತೆ ಚೆನ್ನಾಗಿಯೇ ಕಾಣುತ್ತಿದೆ. ಆದರೆ ಬದಿಯ ಗಿಡಗಳು ಹತ್ತಿರ ಬರಬರುತ್ತ, ಪರದೆಯ ಅಂಚು ಮುಟ್ಟುವ ಮೊದಲೇ ಇಲ್ಲವಾಗುತ್ತಿವೆ. ಅತ್ತ ಕಣ್ಣು ಹೊರಳಿಸಿದರೆ ಬರೀ ಬಯಲು. ಎಡಕ್ಕೂ ಹಾಗೇ, ಬಲಕ್ಕೂ ಹಾಗೇ. "ಪಕ್ಕದಾಗ ಇದ್ದದ್ದು ಇದ್ದಂಗ ಇರ್ತೈತಿ, ಇಲ್ಲದಂಗ ಆಕ್ಕೈತಿ" ಎಂದು ಅಪ್ಪ ಡಾಕ್ಟರಿಗೆ ಹೇಳಿದ್ದನಲ್ಲ, ಅದೇ ಇದು.

ಒಂದು ಬಟನ್ ಒತ್ತಿ ಆಟವನ್ನು ನಿಲ್ಲಿಸಿ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೆದರಿದವಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಸ್ಪತ್ರೆ ತಪ್ಪಿಸಿದ ಆರು ವರ್ಷ ನನ್ನ ಹೆಗಲ ಮೇಲೆ ಕೂತಿತ್ತು. ಯಾರಿಗೂ ಹೇಳಲಿಲ್ಲ. ಆಟ ಮಾತ್ರ ಬಿಡಲಿಲ್ಲ, ದಿನಾ ಆಡಿ ಎಷ್ಟು ಗಿಡ ಹೋದವು ಅಂತ ನೋಡುತ್ತಿದ್ದೆ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಪ್ಪನ ಎದುರು ಕೂತೆ, ಮೂಗಿನ ಮೇಲೆ ಕಣ್ಣು ನೆಟ್ಟೆ. ಬದಿಯಲ್ಲಿ ಏನೂ ಕಾಣದೇ ಹೋದರೆ ಅನ್ನುವ ದಿಗಿಲಿಗೆ, ಅವನ ಕೈ ಪೂರ್ತಿ ಏಳುವ ಮೊದಲೇ "ಎಡಕ್ಕ ಎರಡು, ಬಲಕ್ಕ ಮೂರು" ಎಂದು ಒದರಿ ಎದ್ದುಬಿಟ್ಟೆ. ಅಪ್ಪ ತನ್ನ ಬೆರಳುಗಳನ್ನೇ ನೋಡಿಕೊಂಡು ಕೈ ಇಳಿಸಿದ.

ಶಾಲೆ ಶುರುವಾಯಿತು. ನಾನು ಪಾಠ ಮಾಡುವುದು ಉಜ್ಜಿನಿ ದಾರಿಯ ಒಂದು ಹಳ್ಳಿಯಲ್ಲಿ. ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ರಸ್ತೆ ಬದಿಯಿಂದ ಕುರಿಮರಿಗಳೂ ಮಕ್ಕಳೂ ಯಾವಾಗ ನುಗ್ಗುತ್ತಾರೋ ಹೇಳಲಾಗದು. ಹಾದಿಯುದ್ದಕ್ಕೂ ಕತ್ತು ಎಡಕ್ಕೆ ಬಲಕ್ಕೆ ತಿರುಗಿಸುತ್ತ, ಹಾರನ್ ಬಾರಿಸುತ್ತ ಹೋಗುತ್ತಿದ್ದೆ. ಸಾಲದ್ದಕ್ಕೆ ಅಪ್ಪ ಬೆಳಗಾದರೆ ಒಂದೇ ರಾಗ. "ಗಾಡಿ ಬ್ಯಾಡವ್ವಾ, ಬಸ್ಸಿಗೆ ಹೋಗು." ಒಂದು ದಿನ ತಡೆಯಲಾಗದೆ, "ನನ್ನ ಗಾಡಿ ಮ್ಯಾಲ ನಿನಗ್ಯಾಕ ಕಣ್ಣು?" ಎಂದು ಚೀರಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಆಡುತ್ತ ಕೂತಿದ್ದೆ. ಗಂಡ ಒಗ್ಗರಣೆ ಮಂಡಕ್ಕಿ ತಟ್ಟೆ ಹಿಡಿದು ಬಂದು ಹಿಂದೆ ನಿಂತರು. ಆಟ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ಕೇಳಿದರು, "ಏ, ಆ ಗಿಡ ಎತ್ತಾಗ ಹೋತು?"

ನನ್ನ ಕೈ ತಪ್ಪಿತು, ಕಾರು ಗೋಡೆಗೆ ಉಜ್ಜಿಕೊಂಡು ಮುಂದೆ ಓಡಿತು. "ಯಾವ ಗಿಡರೀ?"

"ಎಡಕ್ಕ ಬರ್ತಿತ್ತಲ್ಲ, ಅಂಚಿಗೆ ಬರೂದ್ರಾಗ ಮಾಯ ಆತು. ಅಗಾ, ಅದೂ ಹೋತು ನೋಡು."

"ನಿಮಗೂ ಕಾಣವಲ್ಲದೇನ್ರಿ?"

"ಇದ್ರ ತಾನ ಕಾಣೂದು!"

ಮೂರು ಸಲ ಅದನ್ನೇ ಹೇಳಿಸಿದೆ. ಆಮೇಲೆ ಆ ಬಟನ್ ಒತ್ತಿದೆ. ಆಟ ನಿಂತಿತು. ಟಿವಿಯ ಹತ್ತಿರ ಹೋಗಿ ನೋಡಿದರೆ, ಹಳೇ ಟಿವಿಯ ಚೌಕ ಎಲ್ಲಿ ಮುಗಿಯಬೇಕಿತ್ತೋ ಅಲ್ಲಿಗೆ ಗಿಡಗಳೂ ಮುಗಿದಿದ್ದವು. ಈ ಆಟ ತಯಾರಿಸಿದವನು ಆ ಚೌಕದಾಚೆ ಹೋದ ಗಿಡಗಳನ್ನೆಲ್ಲ ಅಳಿಸಿಬಿಡುತ್ತಿದ್ದ, ಯಾರೂ ನೋಡುವುದಿಲ್ಲವಲ್ಲ ಅಂತ. ಇಪ್ಪತ್ತು ವರ್ಷದ ಮೇಲೆ ಕೊಟ್ಟೂರಿನ ಹೆಣ್ಣುಮಗಳೊಬ್ಬಳು ಇಣುಕುತ್ತಾಳೆಂದು ಅವನಿಗೇನು ಕನಸು ಬಿದ್ದಿತ್ತೇ? ಹೋದ ಜೀವ ಬಂದಂತಾಯಿತು. ಗಂಡನ ತಟ್ಟೆ ಕಸಿದುಕೊಂಡು ಅಷ್ಟೂ ಮಂಡಕ್ಕಿ ತಿಂದೆ, ತಿನ್ನುತ್ತಲೇ ಅತ್ತೆ, ಅಳುತ್ತಲೇ ಎಲ್ಲ ಹೇಳಿದೆ.

ಮಾರನೆಯ ದಿನವೇ ರಜೆ ಹಾಕಿ ಹರಪನಹಳ್ಳಿ ಮೇಲೆ ದಾವಣಗೆರೆ ಬಸ್ಸು ಹತ್ತಿದೆವು. ಅಲ್ಲಿ ಒಂದು ಯಂತ್ರದಲ್ಲಿ ಗದ್ದ ಊರಿ ನಡುವಿನ ದೀಪವನ್ನೇ ನೋಡಬೇಕು, ಬದಿಯಲ್ಲಿ ಬೆಳಕಿನ ಚುಕ್ಕೆ ಮಿಂಚಿದಾಗಲೆಲ್ಲ ಕೈಯಲ್ಲಿರುವ ಬಟನ್ ಒತ್ತಬೇಕು. ಬಟನ್ ಒತ್ತುವುದರಲ್ಲಿ ನನ್ನನ್ನು ಮೀರಿಸುವವರುಂಟೇ! ಒತ್ತಡ ಸರಿ ಇದೆ, ಪಕ್ಕದ ನೋಟವೂ ಸರಿ ಇದೆ ಎಂದರು ಡಾಕ್ಟರು. ಪ್ರತಿ ವರ್ಷ ಬರಬೇಕು ಎಂದು ಗದರಿಸಿದರು. ಈ ಸಲದ ಹೂಂ ನಿಜವಾದ ಹೂಂ.

ಸಂಜೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಹ್ವಾದ ಅಮಾಸಿಗಿ ಬದಲಿ ಇರ್ಲಿ ಅಂತ ನಾ ಎಡಕ್ಕ ತೋರಿಸಿದ್ದು ನಾಕು ಬೆರಳು," ಎಂದ. "ನೀ ಎರಡು ಅಂದಿ."

"ನಾ ನೋಡೇ ಇರ್ಲಿಲ್ಲಪ್ಪಾ," ಎಂದೆ.

"ನನ್ನ ಬ್ಯಾನಿ ನಿನಗ ಬಂತು ಅಂದ್ಕಂಡೆ. ಹೇಳಾಕ ಬಾಯಿ ಬರಲಿಲ್ಲವ್ವಾ. ಬಸ್ಸಿಗೆ ಹೋಗು ಅಂದೆ, ಅಷ್ಟ."

ನಾನು ಎದ್ದು ಅವನ ಎದುರಿಗೆ ಕೂತೆ. ಅವತ್ತು ಅಮಾವಾಸ್ಯೆ ಏನೂ ಆಗಿರಲಿಲ್ಲ. ಅಪ್ಪ ಕೈ ಎತ್ತಿದ.

"ನೋಡಿ ಹೇಳು," ಎಂದ.

"ಒಂದು," ಎಂದೆ, ನೋಡಿಯೇ.